ಗೋವಿಂದರಾಜು ಅವರ ಮೂರನೆಯ ಸಾಕ್ಷಿ

ಗೋವಿಂದರಾಜು ನಡೆದು ಬರುತ್ತಿದ್ದರೆ ಎದುರಿನವರಿಗೆ ಮೊದಲು ಕಾಣುವುದು ಅವರ ನೆತ್ತಿ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗದ್ದ ಎದೆಗೆ ತಾಗುವಷ್ಟು ಕತ್ತು ಬಾಗಿಸಿ, ಕಣ್ಣನ್ನು ಎರಡು ಮಾರು ಮುಂದಿನ ನೆಲದಲ್ಲಿ ನೆಟ್ಟು, ನಾಲ್ಕು ಹೆಜ್ಜೆ ಇಟ್ಟು ನಿಂತು ಮತ್ತೆ ನಾಲ್ಕು ಹೆಜ್ಜೆ ಇಡುವ ಈ ನಡಿಗೆಯನ್ನು ಟೆಕ್ಸಸ್ಸಿನ ಸೀಡರ್ ಪಾರ್ಕ್ ಎಂಬ ಊರಿನ ಅವರ ಬಡಾವಣೆ ಹದಿನೆಂಟು ವರ್ಷಗಳಿಂದ ನೋಡುತ್ತ ಬಂದಿದೆ. ಹೊಸದಾಗಿ ಬಂದ ನೆರೆಯವರು ಇವರು ಉಂಗುರವನ್ನೋ ಕಾರಿನ ಕೀಲಿಯನ್ನೋ ಕಳೆದುಕೊಂಡಿದ್ದಾರೆಂದು ತಿಳಿಯುತ್ತಾರೆ. ಒಬ್ಬ ಅಮೆರಿಕನ್ ಅಜ್ಜಿಯಂತೂ ತನ್ನ ನಾಯಿಯನ್ನು ಕಂಬಕ್ಕೆ ಕಟ್ಟಿ, ಕನ್ನಡಕ ಏರಿಸಿ, ಹತ್ತು ನಿಮಿಷ ಇವರ ಜೊತೆ ಹುಲ್ಲು ಜಾಲಾಡಿದ ಮೇಲೆ, ಅಂದಹಾಗೆ ನಾವು ಹುಡುಕುತ್ತಿರುವುದು ಏನನ್ನು ಎಂದು ಕೇಳಿದರಂತೆ. ಇನ್ನೂ ಗೊತ್ತಾಗಿಲ್ಲ, ಸಿಕ್ಕ ಮೇಲೆ ಹೇಳುತ್ತೇನೆ ಎಂದು ಗೋವಿಂದರಾಜು ತಲೆ ಎತ್ತದೆ ಉತ್ತರಿಸಿದರು. ಅಜ್ಜಿಗೆ ಆ ಉತ್ತರ ಹಿಡಿಸಿತು. ಆಕೆ ಇನ್ನೂ ಹತ್ತು ನಿಮಿಷ ಹುಡುಕಿದರು.

ಅವರು ಹುಡುಕುವುದು ಅಣಬೆಯನ್ನು. ವೃತ್ತಿಯಲ್ಲಿ ಅವರು ಕಂಪ್ಯೂಟರ್ ಚಿಪ್ ಪರೀಕ್ಷಕರು. ಆಸ್ಟಿನ್ನಿನ ಒಂದು ಕಾರ್ಖಾನೆಯಲ್ಲಿ ತಯಾರಾಗುವ ಸಾವಿರಾರು ಚಿಪ್‌ಗಳಲ್ಲಿ ಯಾವುದು ಗಿರಾಕಿಯ ಕೈಗೆ ಹೋಗಬಹುದು, ಯಾವುದು ಕಸಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಯಂತ್ರಗಳಿಗೆ ಬುದ್ಧಿ ಹೇಳುವವರು. ವಯಸ್ಸು ಐವತ್ತೆಂಟು, ಕುಳ್ಳು ದೇಹ, ಅಗಲವಾದ ಅಂಗೈ, ಯಾವುದಕ್ಕೂ ಆತುರಪಡದ ದನಿ. ‘ಇರ್ಲಿ, ನೋಡಣ’ ಎಂಬುದು ಅವರ ಬಾಯಲ್ಲಿ ಸದಾ ಇರುವ ಮಾತು. ಕಾರು ಕೆಟ್ಟು ಹೈವೇ ಬದಿಯಲ್ಲಿ ನಿಂತಾಗಲೂ, ಹನ್ನೊಂದು ವರ್ಷ ಕಾದ ಗ್ರೀನ್ ಕಾರ್ಡು ಲಕೋಟೆಯೊಳಗಿಂದ ಹೊರಬಂದಾಗಲೂ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತೆಂದು ಮಗಳು ಮಾನ್ಯಾ ಡಾಲಸ್ಸಿಗೆ ಹೊರಟು ನಿಂತಾಗಲೂ ಅವರು ಹೇಳಿದ್ದು ಅದನ್ನೇ. ಆ ಮಾತಿನಲ್ಲಿ ಭರವಸೆ ಹುಡುಕಿದವರಿಗೆ ಭರವಸೆ ಸಿಗುವುದಿಲ್ಲ, ಅನುಮಾನ ಹುಡುಕಿದವರಿಗೆ ಅನುಮಾನವೂ ಸಿಗುವುದಿಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲ ಎಂಬುದಷ್ಟೇ ಅದರ ಅರ್ಥ.

ಅವರ ಮೈಮೇಲೆ ಸದಾ ಒಂದು ಖಾಕಿ ತೋಳಿಲ್ಲದ ಕೋಟಿರುತ್ತದೆ. ಹ್ಯೂಸ್ಟನ್ನಿನಲ್ಲಿ ಮೀನು ಹಿಡಿಯುವ ಸಾಮಾನು ಮಾರುವ ಅಂಗಡಿಯಲ್ಲಿ ಕೊಂಡದ್ದು, ಹನ್ನೊಂದು ಜೇಬುಗಳಿವೆ. ಒಂದರಲ್ಲಿ ಮಡಿಚುವ ಚಾಕು, ಒಂದರಲ್ಲಿ ಮಣ್ಣು ಒರೆಸಲು ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದರಲ್ಲಿ ಭೂತಗನ್ನಡಿ, ಎದೆಯ ಮೇಲಿನ ದೊಡ್ಡ ಜೇಬಿನಲ್ಲಿ ಅರ್ಧ ಕಪ್ಪು ಅರ್ಧ ಬಿಳಿ ಇರುವ ರಟ್ಟಿನ ಚೂರುಗಳು, ಉಳಿದವುಗಳಲ್ಲಿ ಮಡಿಸಿದ ಕಾಗದದ ಚೀಲಗಳು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ ಅಣಬೆ ಬೆವರಿ ಕೊಳೆಯುತ್ತದೆ. ಹಾಗೆ ಹಾಕುವವರನ್ನು ಕಂಡರೆ ಜೇಬಿನಿಂದ ಒಂದು ಕಾಗದದ ಚೀಲ ತೆಗೆದು ಅವರ ಮುಂದೆ ಹಿಡಿಯುತ್ತಾರೆ, ತೆಗೆದುಕೊಳ್ಳುವ ತನಕ ಹಿಡಿದೇ ಇರುತ್ತಾರೆ. ಜುಲೈ ತಿಂಗಳ ಬಿಸಿಲಿನಲ್ಲಿ, ಟಾರು ಚಪ್ಪಲಿಗೆ ಅಂಟುವ ಹೊತ್ತಿನಲ್ಲೂ ಆ ಕೋಟು ಮೈಮೇಲೆ ಇರಲೇಬೇಕು. ಮನೆಯೊಳಗೆ ಮಾತ್ರ ಅದಕ್ಕೆ ಪ್ರವೇಶವಿಲ್ಲ. ಗ್ಯಾರೇಜಿನ ಗೋಡೆಯಲ್ಲಿ ಅದಕ್ಕೆಂದೇ ಒಂದು ಮೊಳೆಯಿದೆ.

ಮಗಳಿಗೆ ಹನ್ನೆರಡು ತುಂಬಿದ ಡಿಸೆಂಬರಿನಲ್ಲಿ ಅವರು ಅವಳನ್ನು ಜಾರ್ಜ್‌ಟೌನಿನ ಗೆಳೆಯರೊಬ್ಬರ ಹಿತ್ತಿಲಿಗೆ ಕರೆದೊಯ್ದು, ಸತ್ತ ಮರದ ಬೊಡ್ಡೆಯೊಂದರ ಮುಂದೆ ತಣ್ಣನೆ ನೆಲದಲ್ಲಿ ಕೂರಿಸಿದ್ದರು. ಬೊಡ್ಡೆಯ ಬುಡದಲ್ಲಿ ಕಂದು ಚುಟ್ಟಾದಂಥ ಅಣಬೆಯೊಂದು ನೆಟ್ಟಗೆ ನಿಂತಿತ್ತು. ಮುಕ್ಕಾಲು ಗಂಟೆ ಕಾದ ಮೇಲೆ ಆ ಚುಟ್ಟಾ ಸೀಳಿ, ನಕ್ಷತ್ರದಂತೆ ಬಿಚ್ಚಿಕೊಂಡು, ‘ಸ್ಸ್’ ಎಂದು ಸಣ್ಣಗೆ ಸದ್ದು ಮಾಡಿ ಹೊಗೆಯಂಥ ಪುಡಿ ಉಗುಳಿತು. ‘ಅಪ್ಪಾ, ಡಿಡ್ ಇಟ್ ಜಸ್ಟ್ ಸೈ? ನಿಟ್ಟುಸಿರು ಬಿಡ್ತಾ?’ ಎಂದಳು ಮಾನ್ಯಾ. ‘ಹ್ಞೂ, ಅದಕ್ಕೂ ಸಾಕಾಗಿರತ್ತೆ’ ಎಂದರು ಅಪ್ಪ. ಕೇಕು ಕತ್ತರಿಸಲು ಇಬ್ಬರೂ ತಡವಾಗಿ ಮನೆ ಸೇರಿದರು.

ಊಟದಲ್ಲಿ ಗೋವಿಂದರಾಜು ಅವರದು ಖಚಿತ ಅಭಿಪ್ರಾಯಗಳ ನಾಲಿಗೆ. ಪನೀರ್ ಅವರಿಗೆ ಸೇರದು; ಅದಕ್ಕೆ ತನ್ನದೆಂಬ ಅಭಿಪ್ರಾಯವೇ ಇಲ್ಲ, ಯಾರ ಜೊತೆ ಹಾಕಿದರೆ ಅವರಂತೆ ಮಾತಾಡುತ್ತದೆ ಎಂಬುದು ಆಕ್ಷೇಪ. ದಪ್ಪ ಮೆಣಸಿನಕಾಯಿ ಕಂಡರೆ ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಅಂಗಡಿಯಲ್ಲಿ ನೀಲಿ ಡಬ್ಬಿಯೊಳಗೆ ಕೂತಿರುವ ಬಿಳಿ ಗುಂಡಿಯಂಥ ಅಣಬೆಗಳನ್ನು ಅಣಬೆಯೆಂದು ಕರೆಯಲೂ ಒಪ್ಪುವುದಿಲ್ಲ. ಬಸ್ಸಾರು, ಹುರುಳಿ ಕಟ್ಟು, ಸುಟ್ಟ ಬದನೆಕಾಯಿ, ಹುಳಿ ಮಜ್ಜಿಗೆ ಇವುಗಳ ಎದುರು ಅವರ ಬೆನ್ನು ತಾನೇ ನೆಟ್ಟಗಾಗುತ್ತದೆ. ಆದರೆ ಅವರಲ್ಲಿ ಅಪರೂಪದ ಒಂದು ಗುಣವಿದೆ: ಬೇರೆಯವರ ‘ಬೇಡ’ವನ್ನು ಅವರು ಎಂದೂ ಪ್ರಶ್ನಿಸುವುದಿಲ್ಲ. ‘ಸ್ವಲ್ಪ ತಿಂದು ನೋಡಿ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ತನಗೇನು ಬೇಡವೆಂದು ಒಬ್ಬ ಮನುಷ್ಯ ಕಂಡುಕೊಳ್ಳಲು ಅರ್ಧ ಆಯುಸ್ಸು ಹಿಡಿಯುತ್ತದೆ, ಅದನ್ನು ಹಾಳು ಮಾಡಲು ನಾವು ಯಾರು ಎಂದು ಅವರ ವಾದ.

ಆ ಗುಣ ಇಲ್ಲದಿದ್ದರೆ ಅವರ ದಾಂಪತ್ಯ ನಡೆಯುತ್ತಲೇ ಇರಲಿಲ್ಲ. ಹೆಂಡತಿ ವಸುಧಾ ಉಡುಪಿಯವರು. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಬ್ಬರೂ ಒಂದೇ ತರಗತಿ. ಹಾಗಾಗಿ ಗಂಡನನ್ನು ಇಂದಿಗೂ ‘ಗೋವಿಂದ’ ಎಂದೇ ಕರೆಯುವವರು, ಜನರೆದುರು ಅಥವಾ ಸಿಟ್ಟು ಬಂದಾಗ ಮಾತ್ರ ‘ರೀ’ ಎನ್ನುವವರು. ಹುಣಸೂರಿನ ಕಡೆಯ ಹಳ್ಳಿಯಲ್ಲಿ ಹುತ್ತದ ಮೇಲೆದ್ದ ಅಣಬೆಗಾಗಿ ಬೆಳಗಾಗುವ ಮುಂಚೆ ಹೊಲಕ್ಕೆ ಓಡಿ ಬೆಳೆದವರು ಗೋವಿಂದರಾಜು. ಅಣಬೆ ಎಂಬ ಪದವನ್ನು ಅಡುಗೆಮನೆಯೊಳಗೆ ಉಚ್ಚರಿಸಲೂ ಬಾರದ ಮನೆಯಲ್ಲಿ ಬೆಳೆದವರು ವಸುಧಾ. ಶಾಸ್ತ್ರದ ಮಾತು ಅವರು ಎತ್ತುವುದಿಲ್ಲ. ‘ನಂಗೆ ಅದರ ವಾಸನೆ ಆಗುದಿಲ್ಲ ಮಾರಾಯ, ಅಷ್ಟೇ’ ಎಂದು ಮದುವೆಗೆ ಮುಂಚೆಯೇ ಹೇಳಿದ್ದರು. ಗೋವಿಂದರಾಜು ಒಪ್ಪಿದರು. ಅಂದಿನಿಂದ ಇಪ್ಪತ್ತೇಳು ವರ್ಷ ಅಣಬೆಯ ಅಡುಗೆ ಗ್ಯಾರೇಜಿನಲ್ಲಿ ನಡೆದಿದೆ. ಅಲ್ಲಿ ಎರಡು ಒಲೆಯ ಗ್ಯಾಸ್ ಸ್ಟೋವು, ಬೇರೆ ಬಾಣಲೆ, ಬೇರೆ ಸೌಟು, ಬೇರೆ ಟವೆಲು. ಇಷ್ಟಾಗಿಯೂ ಮೇಲಿನ ಮಹಡಿಯಲ್ಲಿ, ಬಾಗಿಲು ಹಾಕಿ, ಏಸಿ ಹಚ್ಚಿ ಕೂತ ವಸುಧಾಗೆ ಕೆಳಗೆ ಗಂಡ ಯಾವ ಅಣಬೆ ಹುರಿಯುತ್ತಿದ್ದಾರೆಂಬುದು ಗೊತ್ತಾಗುತ್ತಿತ್ತು. ‘ಇವತ್ತು ಆ ಕಂದು ಬಣ್ಣದ್ದು ಅಲ್ವಾ? ಮೆಂತ್ಯದ ಡಬ್ಬಿ ತೆಗೆದ ಹಾಗೆ ಉಂಟು’ ಎಂದು ಮೇಲಿನಿಂದಲೇ ಕೂಗುತ್ತಿದ್ದರು. ಅದು ಪ್ರತಿ ಸಲವೂ ಸರಿಯಾಗಿರುತ್ತಿತ್ತು.

ಗೋವಿಂದರಾಜು ಅವರ ಶಿಸ್ತಿಗೆ ಒಂದು ಮೂಲಕಥೆಯಿದೆ. ಮೂವತ್ತು ವರ್ಷಗಳ ಹಿಂದೆ, ಹ್ಯೂಸ್ಟನ್ನಿನಲ್ಲಿ ಓದಲು ಬಂದ ಮೊದಲ ಬೇಸಿಗೆ. ಒಂದು ಭಾರಿ ಮಳೆಯ ಮರುದಿನ ಅಪಾರ್ಟ್‌ಮೆಂಟಿನ ಮುಂದಿನ ಹುಲ್ಲಿನಲ್ಲಿ ತಟ್ಟೆಯಗಲದ ಬಿಳಿ ಕೊಡೆಗಳು ಸಾಲಾಗಿ ಎದ್ದಿದ್ದವು. ಊರು ಬಿಟ್ಟು ಹತ್ತು ತಿಂಗಳಾಗಿದ್ದ ಹುಡುಗನಿಗೆ ಕಣ್ಣು ತುಂಬಿ ಬಂತು. ನಮ್ಮ ಹುತ್ತದಣಬೆ ಇಲ್ಲೂ ಇದೆಯೆಂದು ಕುಣಿದಾಡಿ, ಬಕೆಟ್ಟು ತುಂಬ ಕಿತ್ತು, ಕಾಯಿ ಮಸಾಲೆ ಅರೆದು ಸಾರು ಮಾಡಿ ಇಬ್ಬರು ರೂಮ್‌ಮೇಟುಗಳಿಗೆ ಬಡಿಸಿದರು. ಮೂರನೆಯ ರೂಮ್‌ಮೇಟ್ ರಾಜಗೋಪಾಲ ಅಣಬೆ ತಿನ್ನುವವನಲ್ಲ. ಮೂಲೆಯಲ್ಲಿ ಮೊಸರನ್ನ ಕಲಸಿಕೊಂಡ. ಎರಡು ಗಂಟೆಯಲ್ಲಿ ಮೂವರ ಹೊಟ್ಟೆಯೂ ತಿರುಗಿ ನಿಂತಿತು. ಇದ್ದದ್ದು ಒಂದೇ ಬಾತ್‌ರೂಮು. ಆಸ್ಪತ್ರೆಗೆ ಡ್ರೈವ್ ಮಾಡಿದವನು ರಾಜಗೋಪಾಲ. ದಾರಿಯುದ್ದಕ್ಕೂ ಅವನು ಬೈಯಲಿಲ್ಲ ಎಂಬುದನ್ನು ಗೋವಿಂದರಾಜು ಇಂದಿಗೂ ನೆನೆಯುತ್ತಾರೆ. ಎರಡು ದಿನದ ಮೇಲೆ ಹಿಂದಿರುಗಿ, ಉಳಿದಿದ್ದ ಒಂದು ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಬಟ್ಟಲು ಮುಚ್ಚಿಟ್ಟು ನೋಡಿದರೆ, ಅದು ಉದುರಿಸಿದ ಪುಡಿ ಪಾಚಿಯಂತೆ ಹಸಿರು. ಟೆಕ್ಸಸ್ಸಿನ ಹುಲ್ಲುಹಾಸುಗಳಲ್ಲೆಲ್ಲ ಏಳುವ, ಹೊಟ್ಟೆ ಕೆಡಿಸುವುದಕ್ಕೆ ಹೆಸರಾದ ಅಣಬೆ ಅದು. ಈ ಕಥೆ ಹೇಳುವಾಗ ಅವರು ಕೊನೆಗೆ ಸೇರಿಸುವ ಮಾತೊಂದಿದೆ: ‘ಹುತ್ತದಣಬೆಗೆ ಹುತ್ತ ಬೇಕಲ್ಲಪ್ಪ. ನಾನು ಅಣಬೆ ನೋಡ್ದೆ, ಹುತ್ತ ಎಲ್ಲಿದೆ ಅಂತ ನೋಡ್ಲಿಲ್ಲ. ಊರು ನೆನಪಾದ್ರೆ ಹಂಗೇ ಆಗೋದು.’

ಆ ಸಾರಿನಿಂದ ಹುಟ್ಟಿದ್ದು ಮೂರು ಸಾಕ್ಷಿಗಳ ನಿಯಮ. ಮೊದಲ ಸಾಕ್ಷಿ ಕಣ್ಣು: ಅಣಬೆಯ ಆಕಾರ, ಕೊಡೆಯ ಅಡಿಯ ಗೆರೆಗಳು, ಬುಡ, ಅದು ಎದ್ದ ಜಾಗ. ಎರಡನೆಯದು ಕಾಗದ: ಉದುರುವ ಪುಡಿಯ ಬಣ್ಣ. ಮೂರನೆಯದು ಮೂಗು. ಮೂವರೂ ಒಂದೇ ಮಾತು ಹೇಳಿದರೆ ಮಾತ್ರ ಬಾಣಲೆಗೆ. ಒಬ್ಬರು ತಡವರಿಸಿದರೂ ಪೊದೆಗೆ. ‘ಅಪ್ಪಾ, ಯು ಆರ್ ಲಿಟರಲಿ ಡೀಬಗ್ಗಿಂಗ್ ಲಂಚ್’ ಎಂದು ಮಾನ್ಯಾ ಗೇಲಿ ಮಾಡುತ್ತಾಳೆ. ಅವರು ತಲೆಯಾಡಿಸುತ್ತಾರೆ, ಹೊಗಳಿಕೆಯೆಂದೇ ತಿಳಿದು.

ವರ್ಷಕ್ಕೊಮ್ಮೆ, ಜೂನ್ ತಿಂಗಳ ಮಳೆಯ ನಂತರ ಅವರು ಒಂದು ಅಣಬೆಯೂಟ ಹಾಕುತ್ತಾರೆ. ಮುಖ್ಯ ಪದಾರ್ಥ ಶಾಂಟರೆಲ್: ಅರಿಶಿನವೋ ಕಿತ್ತಳೆಯೋ ಎಂದು ಹೇಳಲಾಗದ ಬಣ್ಣದ, ಕಹಳೆಯಂತೆ ಬಾಯಿ ಬಿಟ್ಟ ಅಣಬೆ, ಓಕ್ ಮರಗಳ ನೆರಳಿನ ಮಣ್ಣಿನಲ್ಲಿ ಒಂಟೊಂಟಿಯಾಗಿ ಏಳುತ್ತದೆ. ಪಾರ್ಕುಗಳಲ್ಲಿ ಕೀಳುವಂತಿಲ್ಲವಾದ್ದರಿಂದ ಅವರು ಹೋಗುವುದು ಕಲ್ಮೇಶರ ಜಮೀನಿಗೆ. ಧಾರವಾಡದ ಕಲ್ಮೇಶ ಹ್ಯೂಸ್ಟನ್ನಿನಲ್ಲಿ ಮೂಳೆ ಡಾಕ್ಟರು. ಆಸ್ಟಿನ್ನಿಗೂ ಹ್ಯೂಸ್ಟನ್ನಿಗೂ ನಡುವೆ ಎಂಟೆಕರೆ ಓಕ್ ತೋಪು ಕೊಂಡು, ಅದರಲ್ಲೊಂದು ಮನೆ ಕಟ್ಟಿಸಿ, ವಾರಾಂತ್ಯಕ್ಕೆ ಹೆಂಡತಿ ಶ್ರೀಜಾ ಜೊತೆ ಬಂದು ‘ಹೊಲಕ್ಕೆ ಬಂದೇವ್ರಿ’ ಎಂದು ಫೋನು ಮಾಡುವ ಮನುಷ್ಯ. ಶ್ರೀಜಾ ಜೋಳದ ರೊಟ್ಟಿ ತಟ್ಟುತ್ತಾರೆ, ಗೋವಿಂದರಾಜು ಪಲ್ಯ ಮಾಡುತ್ತಾರೆ. ಆ ಊಟದ ದಿನ ವಸುಧಾ ಸೀಡರ್ ಪಾರ್ಕಿನ ಮನೆಯ ಕಿಟಕಿಗಳನ್ನೆಲ್ಲ ತೆರೆದು ಹಾಯಾಗಿ ಒಬ್ಬರೇ ಇರುತ್ತಿದ್ದರು.

ಕಳೆದ ಜನವರಿಯಲ್ಲಿ ಗೋವಿಂದರಾಜು ನಾಲ್ಕು ದಿನದ ಜ್ವರದಲ್ಲಿ ಮಲಗಿ ಎದ್ದರು. ಐದನೆಯ ದಿನ ಬೆಳಿಗ್ಗೆ ಒಲೆಯ ಪಕ್ಕದಲ್ಲೇ ನಿಂತು ಫೋನಿನಲ್ಲಿ ಏನೋ ಓದುತ್ತಿದ್ದರು. ವಸುಧಾ ಮಹಡಿಯ ಮೆಟ್ಟಿಲು ಧಡಧಡ ಇಳಿದು ಬಂದರು.

‘ಎಂತ ಗೋವಿಂದ, ಹಾಲು ಪೂರಾ ಕರಟಿ ಹೋಯ್ತಲ್ಲ. ಪಕ್ಕದಲ್ಲೇ ನಿಂತಿದ್ದೀ.’

‘ಹೌದಾ?’ ಎಂದರು ಅವರು. ಬಗ್ಗಿ ಪಾತ್ರೆಯ ಮೇಲೆ ಮುಖ ಹಿಡಿದರು. ಕಪ್ಪಾದ ತಳ ಕಾಣುತ್ತಿತ್ತು, ಬೇರೇನೂ ಬರಲಿಲ್ಲ. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದರು, ಮಾವಿನ ಉಪ್ಪಿನಕಾಯಿಯ ಜಾಡಿ ತೆಗೆದರು, ಗ್ಯಾರೇಜಿಗೆ ಹೋಗಿ ಕೋಟಿನ ಜೇಬಿನೊಳಗೆ ಮುಖ ಹುದುಗಿಸಿದರು. ಒಳಗೆ ಬಂದು, ‘ಇರ್ಲಿ, ನೋಡಣ’ ಎಂದರು. ಡಾಕ್ಟರು ಕೂಡ ಬೇರೆ ಮಾತುಗಳಲ್ಲಿ ಅದನ್ನೇ ಹೇಳಿದರು: ಹೋದ ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು.

ಮೇ ತಿಂಗಳು ಮುಗಿದರೂ ಬರಲಿಲ್ಲ. ಆ ವರ್ಷ ಮಳೆ ಕೈತುಂಬ ಸುರಿಯಿತು. ಬಡಾವಣೆಯ ಹುಲ್ಲಿನಲ್ಲಿ, ಕಾಲುದಾರಿಯ ಬದಿಯಲ್ಲಿ, ಅಂಚೆಪೆಟ್ಟಿಗೆಗಳ ಬುಡದಲ್ಲೂ ಅಣಬೆ ಎದ್ದಿತು. ಗೋವಿಂದರಾಜು ಬೆಳಗಿನ ನಡಿಗೆ ಬಿಡಲಿಲ್ಲ, ಆದರೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವುದನ್ನು ಬಿಟ್ಟರು. ಊಟ ಯಾವಾಗ ಎಂದು ಕೇಳಿದ ಗೆಳೆಯರಿಗೆ, ಈ ಸಲ ಮಳೆ ಸಾಲದು, ಅಣಬೆ ಎದ್ದಿಲ್ಲ ಎಂದು ಹೇಳಿದರು. ಮೂವತ್ತು ವರ್ಷದಲ್ಲಿ ಅಣಬೆಯ ವಿಷಯದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು. ಕಣ್ಣು, ಕಾಗದ ಎರಡೇ ಸಾಲದೇ ಎಂದು ಡಾಲಸ್ಸಿನಿಂದ ಮಗಳು ಕೇಳಿದಳು: ‘ಹಾಫ್ ದಿ ವರ್ಲ್ಡ್ ಡಸಂಟ್ ಈವನ್ ಸ್ಮೆಲ್ ದೆಮ್, ಅಪ್ಪಾ.’

‘ಮೂರು ಟೆಸ್ಟ್ ಇಟ್ಟು ಎರಡು ಪಾಸಾದ್ರೆ ಪಾಸು ಅಂತ ಬರ್ಕೊಂಡ್ರೆ, ಮೂರನೇದನ್ನ ಯಾಕಮ್ಮ ಇಡ್ಬೇಕಿತ್ತು’ ಎಂದರು ಅವರು.

ಜೂನ್ ಎರಡನೆಯ ವಾರ ಕಲ್ಮೇಶರ ವಿಡಿಯೊ ಕರೆ ಬಂತು. ಫೋನು ನೆಲದ ಮೇಲೆ ತಿರುಗುತ್ತಿತ್ತು. ಓಕ್ ಎಲೆಗಳ ನಡುವೆ ಎಲ್ಲಿ ನೋಡಿದರೂ ಕಿತ್ತಳೆ.

‘ಅಣ್ಣಾರ, ನೀವು ಮಳಿ ಇಲ್ಲ ಅಂತೀರಿ. ಇಲ್ಲಿ ನಮ್ಮ ಹೊಲದಾಗ ಬಂಗಾರ ಬಿದ್ದೈತ್ರಿ.’

‘ಚೆನ್ನಾಗಿದೆ’ ಎಂದರು ಗೋವಿಂದರಾಜು.

‘ಚೆನ್ನಾಗಿದೆ ಅಂದ್ರ? ಬರ್ರಿ ಮತ್ತ. ನಿಮಗ ಪುರಸೊತ್ತು ಇಲ್ಲಂದ್ರ ನಾನ ಕಿತ್ತು ಮಾಡ್ತೇನಿ. ಐದು ವರ್ಷ ನಿಮ್ಮ ಹಿಂದ ಬುಟ್ಟಿ ಹೊತ್ತೇನ್ರಿ, ನಂಗೂ ಗೊತ್ತಾಗತೈತಿ. ಶನಿವಾರ ಕೀಳೋದು, ರವಿವಾರ ಊಟ. ಶ್ರೀಜಾ ಹಿಟ್ಟು ಬೀಸಿ ಇಟ್ಟಾಳ.’

ಗೋವಿಂದರಾಜು ತೆರೆಯನ್ನು ಮುಖದ ಹತ್ತಿರ ತಂದರು. ವಿಡಿಯೊದ ಮೂಲೆಯಲ್ಲಿ, ಒಂದು ಮರದ ಬುಡಕ್ಕೆ ಅಂಟಿ ಗೊಂಚಲಾಗಿ ಎದ್ದಿದ್ದ ಕಿತ್ತಳೆ ಅಣಬೆಗಳು ಕಂಡವು. ಅವು ಶಾಂಟರೆಲ್ ಅಲ್ಲ. ಹ್ಯಾಲೋವೀನಿನ ಕುಂಬಳದ ದೀಪದ ಹೆಸರನ್ನೇ ಹೊತ್ತ, ಅದೇ ಬಣ್ಣದ, ತಿಂದವರನ್ನು ಎರಡು ದಿನ ಮಲಗಿಸುವ ಇನ್ನೊಂದು ಜಾತಿ. ಅದರ ಪುಡಿಯೂ ಶಾಂಟರೆಲ್ಲಿನ ಪುಡಿಯೂ ಕಾಗದದ ಮೇಲೆ ಹೆಚ್ಚು ಕಡಿಮೆ ಒಂದೇ ಬಣ್ಣ, ಕೆನೆಯ ಬಣ್ಣ. ಹಾಗಾಗಿ ಈ ಎರಡರ ನಡುವೆ ಎರಡನೆಯ ಸಾಕ್ಷಿ ಬಾಯಿ ಬಿಡುವುದಿಲ್ಲ. ಉಳಿಯುವುದು ಕಣ್ಣು ಮತ್ತು ಮೂಗು.

ಫೋನಿಟ್ಟು ಅವರು ಬಹಳ ಹೊತ್ತು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತರು. ಹೋಗದಿದ್ದರೆ ಕಲ್ಮೇಶ ತಾನೇ ಕಿತ್ತು ತಾನೇ ಬಡಿಸುತ್ತಾನೆ. ಹೋದರೆ, ಇಲ್ಲದ ಸಾಕ್ಷಿಯ ಹೆಸರಿನಲ್ಲಿ ತಾವು ಸಹಿ ಹಾಕಬೇಕು. ತಿಂದವರು ‘ಗೋವಿಂದಣ್ಣ ನೋಡಿ ಕೊಟ್ಟದ್ದು’ ಎಂದುಕೊಂಡು ತಿನ್ನುತ್ತಾರೆ. ಆ ನಂಬಿಕೆಯನ್ನು ಒಂದು ಸಲ ಹ್ಯೂಸ್ಟನ್ನಿನಲ್ಲಿ ಅವರು ಕೆಡಿಸಿ ನೋಡಿದ್ದರು.

ವಸುಧಾ ಬಟ್ಟೆ ಒಣಗಿಸುವ ಯಂತ್ರದಿಂದ ಬಟ್ಟೆ ತೆಗೆಯಲು ಬಂದವರು ನಿಂತರು. ಸಂಗತಿ ಕೇಳಿದರು. ಒಂದು ದಿಂಬಿನ ಚೀಲವನ್ನು ನಿಧಾನವಾಗಿ ಮಡಿಸಿದರು.

‘ಮೂಗು ಬೇಕಾದ್ದಾ?’

‘ಹ್ಞೂ.’

‘ನಂದು ಉಂಟಲ್ಲ.’

‘ನಿಂಗಾಗಲ್ಲ ವಸು, ಬೇಡ.’

‘ವಾಸನೆ ಸೇರುದಿಲ್ಲ ಅಂದದ್ದು. ಗೊತ್ತಾಗುದಿಲ್ಲ ಅಂತ ಯಾರು ಹೇಳಿದ್ದು? ಇಪ್ಪತ್ತೇಳು ವರ್ಷದಿಂದ ಮತ್ತೆ ನಾನು ಮಾಡ್ತಾ ಇದ್ದದ್ದು ಎಂತ?’

ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟರು. ವಸುಧಾ ತಮ್ಮ ಊಟದ ಡಬ್ಬಿ, ಮೂಗು ಚೊಕ್ಕಟ ಮಾಡಿಕೊಳ್ಳಲು ಒಂದು ಹಿಡಿ ಕಾಫಿ ಬೀಜ, ಗಂಡನದೇ ಹಳೆಯ ಟೋಪಿ ಇಷ್ಟನ್ನು ತಂದಿದ್ದರು. ತೋಪಿನಲ್ಲಿ ಕಲ್ಮೇಶ ಆಗಲೇ ಒಂದು ಬುಟ್ಟಿ ಕಿತ್ತು ಮೆಟ್ಟಿಲ ಮೇಲೆ ಇಟ್ಟು, ಹೊಗಳಿಕೆಗಾಗಿ ಕಾಯುತ್ತಿದ್ದರು. ವಸುಧಾ ಕಾಫಿ ಬೀಜ ಮೂಸಿ, ಬುಟ್ಟಿಯ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ ಒಂದೊಂದನ್ನೇ ಮೂಗಿಗೆ ಹಿಡಿಯತೊಡಗಿದರು. ಪುಸ್ತಕಗಳು ಶಾಂಟರೆಲ್ಲಿಗೆ ಏಪ್ರಿಕಾಟ್ ಹಣ್ಣಿನ ಪರಿಮಳವಿದೆ ಎನ್ನುತ್ತವೆ. ವಸುಧಾ ಅದನ್ನು ಒಪ್ಪಲಿಲ್ಲ.

‘ಏಪ್ರಿಕಾಟ್ ಅಲ್ಲ ಇದು. ಬಾಳೆಹಣ್ಣಿನ ರಸಾಯನ ಮಾಡಿದ ಪಾತ್ರೆಯನ್ನು ತೊಳೆಯದೆ ಮಾರನೇ ದಿನಕ್ಕೆ ಇಟ್ಟರೆ ಬರ್ತದಲ್ಲ, ಅದು. ಏಲಕ್ಕಿ ಸಮೇತ.’ ಇನ್ನೊಂದು. ‘ಇದೂ ರಸಾಯನ.’ ಮತ್ತೊಂದು. ಮುಖ ಕಿವುಚಿತು. ‘ಇದು ಒದ್ದೆ ಪಂಚೆಯನ್ನು ಟ್ರಂಕಿನಲ್ಲಿ ಹಾಕಿ ಮರೆತದ್ದು. ಯಾರದಪ್ಪ ಇದು?’

‘ನಂದ ರೀ ವೈನಿ’ ಎಂದರು ಕಲ್ಮೇಶ, ಸಣ್ಣ ದನಿಯಲ್ಲಿ.

ಗೋವಿಂದರಾಜು ಅದನ್ನು ಚಾಕುವಿನಿಂದ ಸೀಳಿದರು. ಒಳಗೂ ಕಿತ್ತಳೆ. ಶಾಂಟರೆಲ್ ಆಗಿದ್ದರೆ ತಿರುಳು ಬೆಳ್ಳಗಿರಬೇಕಿತ್ತು. ಬುಟ್ಟಿಯಿಂದ ಹೀಗೆ ಏಳು ಹೊರಬಿದ್ದವು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಶ್ರೀಜಾ, ‘ಡಾಕ್ಟರ್ ಸಾಹೇಬರು ನಮ್ಮನ್ನೆಲ್ಲಾ ಆಸ್ಪತ್ರಿಗೆ ಕರಕೊಂಡು ಹೊಂಟಿದ್ರು. ಊಟಕ್ಕ ಅಂತ ಹೇಳಿದ್ರಲ್ಲ’ ಎಂದರು. ಕಲ್ಮೇಶ ಬುಟ್ಟಿಯನ್ನು ತಮ್ಮತ್ತ ಎಳೆದುಕೊಂಡು, ‘ಎಲುಬು ಆದ್ರ ನೋಡ್ತಿದ್ದೆ’ ಎಂದು ಗೊಣಗಿದರು.

ಮಧ್ಯಾಹ್ನದ ತನಕ ಮೂವರೂ ತೋಪಿನಲ್ಲಿ ಅಲೆದರು. ಆ ದಿನದ ಸುದ್ದಿ ಬೇರೆಯೇ ಆಗಿತ್ತು. ಗೋವಿಂದರಾಜು ತಲೆ ತಗ್ಗಿಸಿ ನೆಲ ನೋಡುತ್ತ ಒಂದು ದಿಕ್ಕಿಗೆ ಹೋದರೆ, ವಸುಧಾ ತಲೆ ಎತ್ತಿ ಗಾಳಿಗೆ ಮುಖ ಕೊಟ್ಟು ಇನ್ನೊಂದು ದಿಕ್ಕಿಗೆ ತಿರುಗಿ, ‘ಆಚೆ ಉಂಟು, ಆ ಬಿದ್ದ ಮರದ ಹಿಂದೆ’ ಎನ್ನುತ್ತಿದ್ದರು. ಇರುತ್ತಿತ್ತು. ಮೂರನೆಯ ಸಲಕ್ಕೆ ಗೋವಿಂದರಾಜು ನಿಂತು, ಹೆಂಡತಿಯನ್ನು ಹೊಸದಾಗಿ ಪರಿಚಯವಾದವರನ್ನು ನೋಡುವಂತೆ ನೋಡಿದರು.

‘ಇಷ್ಟ್ ದಿನ ಹೇಳ್ಳಿಲ್ವಲ್ಲೇ’ ಎಂದರು.

‘ನೀನು ಕೇಳಿದ್ರೆ ತಾನೆ? ಸೇರದವರಿಗೇ ದೂರದಿಂದ ಗೊತ್ತಾಗುದು. ನಿನ್ನಂಥವರಿಗೆ ಬಾಯಿಗೆ ಬಂದ ಮೇಲೆ.’

ದೊಡ್ಡದೊಂದು ಸಿಕ್ಕಿದ್ದು ಹಿಂದಿರುಗುವ ದಾರಿಯಲ್ಲಿ. ಒಂಟಿಯಾಗಿ ಮಣ್ಣಿನಿಂದ ಎದ್ದದ್ದು, ಅಂಗೈಯಷ್ಟಗಲ, ಅಂಚು ನೆರಿಗೆ ಹಿಡಿದ ಲಂಗದಂತೆ. ಗೋವಿಂದರಾಜು ಭೂತಗನ್ನಡಿ ಹಿಡಿದು ಐದು ನಿಮಿಷ ನೋಡಿದರು. ಅಡಿಯ ಗೆರೆಗಳು ಸರಿ, ಬುಡ ಸರಿ, ಜಾಗ ಸರಿ, ಸೀಳಿದರೆ ತಿರುಳು ಬೆಳ್ಳಗೆ. ಮೂವತ್ತು ವರ್ಷದಲ್ಲಿ ಅವರಿಗೆ ಸಿಕ್ಕ ಅತ್ಯಂತ ಚೆಲುವಾದ ಶಾಂಟರೆಲ್ ಅದು. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಹೆಂಡತಿಯತ್ತ ಚಾಚಿದರು. ವಸುಧಾ ಮೂಸಿದರು. ಕಾಫಿ ಬೀಜ ಹಿಡಿದು, ಮತ್ತೊಮ್ಮೆ ಮೂಸಿದರು.

‘ಬೇಡ.’

‘ಯಾಕೆ?’

‘ಗೊತ್ತಿಲ್ಲ. ಉಳಿದದ್ದಕ್ಕೆಲ್ಲ ಒಂದು ಹೆಸರು ಬಂತು. ಇದಕ್ಕೆ ಬರ್ತಾ ಇಲ್ಲ.’

ಕಲ್ಮೇಶರಿಗೆ ತಡೆಯಲಾಗಲಿಲ್ಲ. ‘ವೈನಿ, ಇದು ಖರೇನ ಚಲೋದ ಐತ್ರಿ. ನೋಡ್ರಿ ಹೆಂಗ ಐತಿ. ಅಣ್ಣಾರ, ನೀವರ ಹೇಳ್ರಿ.’

ಗೋವಿಂದರಾಜು ಅಣಬೆಯನ್ನು ಒಮ್ಮೆ ಬೆಳಕಿಗೆ ಹಿಡಿದರು. ತಮ್ಮ ಕಣ್ಣು ಒಂದು ಹೇಳುತ್ತಿದೆ, ಹೆಂಡತಿಯ ಮೂಗು ಒಂದು ಹೇಳುತ್ತಿದೆ. ವಸುಧಾ ಟೋಪಿ ಸರಿಮಾಡಿಕೊಳ್ಳುತ್ತ ಬೇರೆಲ್ಲೋ ನೋಡುತ್ತಿದ್ದರು. ತನ್ನ ಮಾತು ಲೆಕ್ಕಕ್ಕೆ ಬರುತ್ತದೋ, ಬರಿಯ ಜೊತೆಗೆ ಕರೆತಂದದ್ದೋ ಎಂಬುದು ಈಗ ಗೊತ್ತಾಗಲಿತ್ತು. ಗೋವಿಂದರಾಜು ಕೈ ಬೀಸಿ ಅಣಬೆಯನ್ನು ದೂರದ ಪೊದೆಗೆ ಎಸೆದರು.

‘ಅಯ್ಯ’ ಎಂದರು ಕಲ್ಮೇಶ.

‘ಇವಳ “ಬೇಡ”ದ ಜೊತೆ ಇಪ್ಪತ್ತೇಳು ವರ್ಷ ಸಂಸಾರ ಮಾಡಿದೀನಿ ಕಲ್ಮೇಶ. ಅದು ಒಂದು ದಿನಾನೂ ಸುಳ್ಳು ಹೇಳಿಲ್ಲ. ನನ್ನ “ಬೇಕು”ಗಳು ಬೇಕಾದಷ್ಟು ಸಲ ಹೇಳಿವೆ’ ಎಂದು ಅವರು ಮುಂದೆ ನಡೆದರು. ಅಲ್ಲಿಂದ ಮುಂದೆ ಬುಟ್ಟಿ ವಸುಧಾರ ಕೈಯಲ್ಲಿತ್ತು. ಎಸೆದದ್ದು ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಯಾರಿಗೂ ತಿಳಿಯಲಿಲ್ಲ.

ಆರಿಸಿದ್ದರಲ್ಲಿ ಕೆಲವನ್ನು ಸಂಜೆ ರಟ್ಟಿನ ಮೇಲೆ ಬೋರಲು ಹಾಕಿ ಶ್ರೀಜಾರ ಉಕ್ಕಿನ ಬಟ್ಟಲುಗಳನ್ನು ಮುಚ್ಚಿದರು. ಭಾನುವಾರ ಬೆಳಿಗ್ಗೆ ಎತ್ತಿದರೆ ಎಲ್ಲದರ ಅಡಿಯಲ್ಲೂ ಕೆನೆಬಣ್ಣದ ಗುರುತು. ಅಂಗಳದಲ್ಲಿ ಒಲೆ ಹೂಡಿದರು. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು; ಶಾಂಟರೆಲ್ಲಿಗೆ ಇದಕ್ಕಿಂತ ಹೆಚ್ಚು ಹಾಕುವುದು ಅವಮಾನವೆಂದು ಗೋವಿಂದರಾಜು ಅವರ ಮತ. ಮೊದಲ ತುತ್ತು ಮಾಡಿದವನದು, ಉಳಿದವರು ಕಾಯಬೇಕು ಎಂಬುದೂ ಅವರದೇ ನಿಯಮ. ಮಾನ್ಯಾ ಡಾಲಸ್ಸಿನಿಂದ ಬೆಳಿಗ್ಗೆಯೇ ಹೊರಟು ಬಂದು, ರೊಟ್ಟಿ ಕೈಯಲ್ಲಿ ಹಿಡಿದು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ವಸುಧಾ ತಮ್ಮ ಡಬ್ಬಿ ಹಿಡಿದು ಗಾಳಿ ಬರುವ ಕಡೆ, ಒಲೆಯಿಂದ ಇಪ್ಪತ್ತಡಿ ದೂರದ ಕುರ್ಚಿಯಲ್ಲಿ ಕೂತಿದ್ದರು.

ಗೋವಿಂದರಾಜು ಅಗಿದರು. ಉಪ್ಪು ಗೊತ್ತಾಯಿತು, ಖಾರ ಗೊತ್ತಾಯಿತು, ಹಲ್ಲಿಗೆ ಸಿಕ್ಕ ಹದ ಗೊತ್ತಾಯಿತು. ಅದರಾಚೆಗೆ ಬರಬೇಕಾದದ್ದು ಬರಲಿಲ್ಲ. ಅವರು ತಲೆಯಾಡಿಸಿ, ಚೆನ್ನಾಗಿದೆ, ತಿನ್ನಿ ಎಂದರು. ಎಲ್ಲರೂ ಬಾಣಲೆಗೆ ಮುಗಿಬಿದ್ದರು. ಕಲ್ಮೇಶ ಕಣ್ಣು ಮುಚ್ಚಿ ‘ಆಹಾಹಾ’ ಎಂದದ್ದೂ, ಮಾನ್ಯಾ ‘ಅಪ್ಪಾ, ದಿಸ್ ಇಸ್ ಇನ್‌ಸೇನ್’ ಎಂದದ್ದೂ ಅವರಿಗೆ ಕೇಳಿಸಿತು. ಅವರು ನಗುತ್ತ ಇನ್ನೊಂದು ತುತ್ತು ಮುರಿದರು, ಆದರೆ ಬಾಯಿಗೆ ಒಯ್ಯಲು ತುಸು ತಡಮಾಡಿದರು.

ಆಗ ವಸುಧಾ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ಗಂಡನ ಪಕ್ಕ, ಬಾಣಲೆಯ ಹೊಗೆ ಮುಖಕ್ಕೆ ಬಡಿಯುವಲ್ಲೇ ಹಾಕಿಕೊಂಡರು.

‘ಹೇಳ್ಲಾ?’

‘ಏನು?’

‘ಹೇಗೆ ಬರ್ತಾ ಉಂಟು ಅಂತ.’

ಗೋವಿಂದರಾಜು ತುತ್ತು ಬಾಯಿಗಿಟ್ಟರು. ‘ಹೇಳು.’

‘ಮೊದಲು ಬೆಣ್ಣೆ. ಮತ್ತೆ ಬೆಳ್ಳುಳ್ಳಿ, ಜಾಸ್ತಿ ಆಗಿದೆ. ಅದರ ಹಿಂದೆ...’ ಅವರು ಮೂಗು ಅರಳಿಸಿ ಹೊಗೆಯತ್ತ ಬಾಗಿದರು. ‘ಹಿಂದಿನ ದಿನದ ಮಲ್ಲಿಗೆ ಮಾಲೆ ಮಳೆಯಲ್ಲಿ ನೆನೆದು, ಬಿಸಿಲು ಬಿದ್ದಾಗ ಬರ್ತದಲ್ಲ, ಹಾಗೆ. ಸ್ವಲ್ಪ ಮಣ್ಣು ಉಂಟು. ನಂಗೆ ಸೇರುದಿಲ್ಲ. ಆದ್ರೆ ನಿಂಗೆ ಸೇರ್ತಿತ್ತು.’

‘ಇನ್ನೂ?’

‘ಇನ್ನೂ ಎಂತ, ಅಗಿ ಮೊದಲು. ಮುಂದಿನ ತುತ್ತಿಗೆ ಹೇಳ್ತೇನೆ.’

ಅವರು ಅಗಿದರು. ವಸುಧಾ ಹೇಳಿದರು. ರೊಟ್ಟಿ ಮುಗಿಯುವ ತನಕ ಹೀಗೇ ನಡೆಯಿತು. ಒಂದು ತುತ್ತಿಗೂ ಅವರು ಹಿಂದಿನ ತುತ್ತಿನ ಮಾತನ್ನು ಮತ್ತೆ ಹೇಳಲಿಲ್ಲ. ಮೂರನೆಯ ರೊಟ್ಟಿಯ ಹೊತ್ತಿಗೆ ಗೋವಿಂದರಾಜು ಅವರ ಬೆನ್ನು ನೆಟ್ಟಗಾಗಿತ್ತು.

ರುಚಿಯ ಬಗ್ಗೆ ನಿಷ್ಠೆಯುಳ್ಳವರು ಲೋಕದಲ್ಲಿ ಕಡಿಮೆ. ಬಹುಪಾಲು ಜನ ತಮಗೆ ಸೇರಿದ್ದನ್ನು ಇನ್ನೊಬ್ಬರ ತಟ್ಟೆಗೆ ತುರುಕುತ್ತಾರೆ, ಸೇರದ್ದನ್ನು ಸಂಕೋಚಕ್ಕೆ ನುಂಗುತ್ತಾರೆ. ಹೀಗೆ ನಾಲಿಗೆಯೂ ಕೆಡುತ್ತದೆ, ಮಾತೂ ಕೆಡುತ್ತದೆ. ಗೋವಿಂದರಾಜು ಅವರಂಥವರು ತಮ್ಮ ಇಷ್ಟಕ್ಕಾಗಿ ಮೈಲುಗಟ್ಟಲೆ ಬಗ್ಗಿ ನಡೆಯುತ್ತಾರೆ, ಒಂದು ಸಣ್ಣ ಅನುಮಾನಕ್ಕಾಗಿ ಆ ಇಷ್ಟವನ್ನೇ ಪೊದೆಗೆ ಎಸೆಯುತ್ತಾರೆ. ಅವರ ಪ್ರೀತಿಯನ್ನು ತಿಂದದ್ದರಲ್ಲಿ ಅಳೆಯಲಾಗದು, ಎಸೆದದ್ದರಲ್ಲಿ ಅಳೆಯಬೇಕು. ಇಂಥವರ ಮನೆಯಲ್ಲಿ ‘ಬೇಡ’ ಎಂದವರಿಗೂ ಒಂದು ಕುರ್ಚಿ ಇರುತ್ತದೆ. ಆ ಕುರ್ಚಿಯನ್ನು ಯಾರೂ ಎಳೆಯುವುದಿಲ್ಲ. ಅದಕ್ಕೇ ಅದು ಒಂದು ದಿನ ತಾನಾಗಿ ಹತ್ತಿರ ಬರುತ್ತದೆ.